ತಲೆಗೂದಲಿಗೆ ಮೂವತ್ತು ಸಾವಿರದ ಗಾಳಿ

ಸೀಟು ಸಿಕ್ಕಿತು, ಶುಲ್ಕ ಕಟ್ಟಿದ್ದಾಯಿತು. ಇನ್ನು ಹಾಸ್ಟೆಲ್ಲಿಗೆ ಸಾಮಾನು ಹೊಂದಿಸಬೇಕು. ಬಕೆಟ್ಟು, ಮಗ್ಗು, ಬೀಗ, ಹೊದಿಕೆ, ಚಟ್ನಿಪುಡಿಯ ಡಬ್ಬಿ ಎಂದು ಅಮ್ಮ ಬರೆದ ಪಟ್ಟಿಯ ಕೊನೆಗೆ ಮಗಳು ತನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸುತ್ತಾಳೆ: ಹೇರ್ ಡ್ರೈಯರ್. ಅಪ್ಪನ ಹುಬ್ಬು ಮೇಲೇರುತ್ತದೆ. ‘ಬಿಸಿಲು ಸಾಲದೇನು?’ ಎಂಬ ಪ್ರಶ್ನೆ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಕ್ಲಾಸು, ಸೊಂಟದವರೆಗೆ ಕೂದಲು, ಹೊರಗೆ ಜಡಿಮಳೆ. ಬಿಸಿಲು ಎಲ್ಲಿಂದ ತರುವುದು ಎಂದು ಮಗಳ ಮರುಪ್ರಶ್ನೆ. ಅಲ್ಲಿಗೆ ಅಪ್ಪ ಸೋತಂತೆಯೇ. ಆದರೆ ಮುಂದಿನ ಪ್ರಶ್ನೆಗೆ ಮನೆಯೇ ಎರಡು ಪಕ್ಷವಾಗುತ್ತದೆ. ಎಷ್ಟು ರೂಪಾಯಿಯದು?

ಏಕೆಂದರೆ ಅಂಗಡಿಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯ ಕಂಪನಿಯ ಡ್ರೈಯರ್ ಸಿಗುತ್ತದೆ. ಮೂರರಿಂದ ಆರು ಸಾವಿರದೊಳಗೆ ‘ಸಲೂನ್ ಗುಣಮಟ್ಟ’ದ್ದು ಎಂದು ಬರೆದುಕೊಂಡದ್ದು ಸಿಗುತ್ತದೆ. ಮೂವತ್ತು ಸಾವಿರದ ಆಚೀಚೆಗೂ ಒಂದು ಸಿಗುತ್ತದೆ. ಮೂರೂ ಮಾಡುವ ಕೆಲಸ ಒಂದೇ: ಬಿಸಿಗಾಳಿ ಊದುವುದು. ಹಾಗಾದರೆ ಆ ಇಪ್ಪತ್ತೊಂಬತ್ತು ಸಾವಿರ ಹೋಗುವುದೆಲ್ಲಿಗೆ? ಅಪ್ಪ ಹೇಳುವಂತೆ ಬರೀ ಹೆಸರಿಗೋ, ಅಥವಾ ಮಗಳು ಹೇಳುವಂತೆ ಕೂದಲಿನ ಆರೋಗ್ಯಕ್ಕೋ? ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಉಳಿದ ಅರ್ಧವನ್ನು ಇಬ್ಬರೂ ನೋಡಿಲ್ಲ.

ಕೂದಲು ಒಣಗಿಸುವ ಪಾಡು ಹೊಸದೇನಲ್ಲ. ಮಲೆನಾಡಿನಲ್ಲಿ ಮಳೆಗಾಲದ ತಲೆಸ್ನಾನವೆಂದರೆ ಬಚ್ಚಲೊಲೆಯ ಮುಂದೆ ಕೂದಲು ಹರವಿ ಕೂರುವುದು ಎಂದೇ ಅರ್ಥವಿತ್ತು. ಬಾಣಂತಿಗೆ ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿ ಹೊಗೆ ಹಾಕುವ ಕ್ರಮ ಇನ್ನೂ ಪೂರ್ತಿ ಮರೆಯಾಗಿಲ್ಲ. ಫ್ರಾನ್ಸಿನಲ್ಲಿ ಅಲೆಕ್ಸಾಂಡ್ರ್ ಗಾಡ್‌ಫ್ರಾ ಎಂಬ ಕೇಶಾಲಂಕಾರಿ 1888ರ ಸುಮಾರಿಗೆ ಮಾಡಿದ ಯಂತ್ರವೂ ಹೆಚ್ಚುಕಡಿಮೆ ಇದೇ ಉಪಾಯದ್ದು. ಒಲೆಯ ಬಿಸಿಯನ್ನು ಕೊಳವೆಯಲ್ಲಿ ಹಾಯಿಸಿ ಗಿರಾಕಿಯ ತಲೆಯ ಮೇಲಿನ ಟೊಪ್ಪಿಗೆಯೊಳಕ್ಕೆ ಬಿಡುವುದು. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರೈಯರುಗಳು 1920ರ ಹೊತ್ತಿಗೆ ಮನೆಗಳಿಗೆ ಬಂದಾಗ ಅವುಗಳ ಶಕ್ತಿ ನೂರು ವ್ಯಾಟಿನಷ್ಟು ಮಾತ್ರ. ನಮ್ಮ ಹಳೆಯ ಗುಂಡು ಬಲ್ಬಿನಷ್ಟು! ಜರ್ಮನರು ಅದಕ್ಕೆ ಆಲ್ಪ್ಸ್ ಪರ್ವತದ ಇಳಿಜಾರಿನಲ್ಲಿ ಬೀಸುವ ಬೆಚ್ಚನೆಯ ಒಣಗಾಳಿಯ ಹೆಸರನ್ನೇ ಇಟ್ಟರು. ಇಂದಿಗೂ ಅಲ್ಲಿ ಡ್ರೈಯರಿಗೆ ‘ಫ್ಯೋನ್’ ಎಂದೇ ಹೆಸರು.

ಆಮೇಲಿನ ಹಲವು ದಶಕ ಡ್ರೈಯರಿನ ಒಳಗೆ ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ನೈಕ್ರೋಮ್ ತಂತಿಯ ಒಂದು ಸುರುಳಿ, ಅದನ್ನು ಹೊತ್ತುಕೊಳ್ಳಲು ಅಭ್ರಕದ ಹಾಳೆ, ಹಿಂದೊಂದು ಪುಟ್ಟ ಫ್ಯಾನು, ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿಯುವ ಒಂದು ಥರ್ಮೋಸ್ಟಾಟು. ಇಂದಿಗೂ ಸಾವಿರ ರೂಪಾಯಿಯ ಡ್ರೈಯರು ಬಿಚ್ಚಿದರೆ ಕಾಣುವುದು ಇಷ್ಟೇ.

ಬದಲಾವಣೆ ಬಂದದ್ದು 2016ರಲ್ಲಿ. ಧೂಳು ಹೀರುವ ಯಂತ್ರಗಳಿಗೆ ಹೆಸರಾದ ಬ್ರಿಟನ್ನಿನ ಡೈಸನ್ ಕಂಪನಿ ಆ ವರ್ಷದ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ‘ಸೂಪರ್‌ಸಾನಿಕ್’ ಎಂಬ ಡ್ರೈಯರನ್ನು ಹೊರತಂದಿತು. ಅಮೆರಿಕದಲ್ಲಿ ಅದರ ಬೆಲೆ 399 ಡಾಲರು. ನಾಲ್ಕು ವರ್ಷದ ದುಡಿಮೆ, ಐದು ಕೋಟಿ ಪೌಂಡು ಖರ್ಚು, ಆರು ನೂರು ಮಾದರಿಗಳು, ಪರೀಕ್ಷೆಗೆಂದು ಬಳಸಿದ ಮನುಷ್ಯರ ಕೂದಲು ಒಟ್ಟು ಉದ್ದದಲ್ಲಿ ಸಾವಿರದ ಆರುನೂರು ಕಿಲೋಮೀಟರು ಎಂದು ಕಂಪನಿಯೇ ಹೇಳಿಕೊಂಡಿತು. ಜಾಹೀರಾತಿನ ಬಣ್ಣ ಕಳೆದು ನೋಡಿದರೂ ಒಳಗಿನ ಕೆಲಸ ಮೆಚ್ಚುವಂಥದ್ದೇ. ಮೋಟರು ತಲೆಯ ಭಾಗದಲ್ಲಿಲ್ಲ, ಹಿಡಿಯೊಳಗಿದೆ. ಹಾಗಾಗಿ ಕೈ ಸೋಲುವುದು ಕಡಿಮೆ. ಅದು ನಿಮಿಷಕ್ಕೆ 1,10,000 ಸುತ್ತು ತಿರುಗುತ್ತದೆ. ಫ್ಯಾನಿಗೆ 11 ಅಲಗಿನ ಬದಲು 13 ಅಲಗು ಇಟ್ಟು, ಮೋಟರಿನ ಒಂದು ಕರ್ಕಶ ಸ್ವರವನ್ನು ಮನುಷ್ಯರ ಕಿವಿಗೆ ಕೇಳದಷ್ಟು ಮೇಲಕ್ಕೆ ತಳ್ಳಿದ್ದಾರೆ. ಗಾಳಿಯ ಬಿಸಿಯನ್ನು ಸೆಕೆಂಡಿಗೆ ಹಲವು ಬಾರಿ ಅಳೆದು ಮಿತಿಯೊಳಗೆ ಇಡುವ ವ್ಯವಸ್ಥೆಯಿದೆ. ಎಂಜಿನಿಯರಿಂಗ್ ಓದಲು ಹೊರಟ ಹುಡುಗಿ ಇದನ್ನು ನೋಡಿ ಆಸೆಪಟ್ಟರೆ ಅದು ಬರೀ ಶೋಕಿ ಎನ್ನಲಾಗದು.

ಆದರೆ ಮೆಚ್ಚುವುದು ಬೇರೆ, ಕೊಳ್ಳುವುದು ಬೇರೆ. ಕೊಳ್ಳುವಾಗ ಕೇಳಬೇಕಾದ್ದು, ಆ ಯಂತ್ರ ಮಾಡುವ ಹೆಚ್ಚಿನ ಕೆಲಸ ನಮ್ಮ ತಲೆಗೆ ಎಷ್ಟು ಬೇಕು ಎಂದು.

ಮೊದಲು ನೀರಿನ ಲೆಕ್ಕ. ಟವೆಲ್ಲಿನಿಂದ ಒರೆಸಿದ ಮೇಲೂ ಉದ್ದ ಕೂದಲಲ್ಲಿ 50 ಗ್ರಾಮ್ ನೀರು ಉಳಿದಿದೆ ಎಂದಿಟ್ಟುಕೊಳ್ಳೋಣ. ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಅಂದರೆ ಒಟ್ಟು 120 ಕಿಲೋಜೂಲ್. 1200 ವ್ಯಾಟಿನ ಸಾಮಾನ್ಯ ಡ್ರೈಯರು ಇದನ್ನು ನೂರು ಸೆಕೆಂಡಿನಲ್ಲಿ ಕೊಡಬಲ್ಲದು. ಆದರೂ ಹತ್ತು ನಿಮಿಷ ಹಿಡಿಯುತ್ತದೆ. ಯಾಕೆಂದರೆ ಶಾಖದ ಬಹುಪಾಲು ಕೂದಲನ್ನು ಸವರಿಕೊಂಡು ಕೋಣೆಯ ಗಾಳಿಗೆ ಸೇರಿ ವ್ಯರ್ಥವಾಗುತ್ತದೆ. ಹೆಚ್ಚು ಬೆಲೆಯ ಯಂತ್ರ ಹೆಚ್ಚು ಗಾಳಿಯನ್ನು, ಇಕ್ಕಟ್ಟಾದ ಧಾರೆಯಾಗಿ, ಜೋರಾಗಿ ಊದುತ್ತದೆ. ನೀರನ್ನು ಬೇಗ ಓಡಿಸುತ್ತದೆ. ಇಲ್ಲಿಯವರೆಗೆ ಸರಿ. ತಮಾಷೆಯೆಂದರೆ, ಐದು ನಿಮಿಷ ಹೆಚ್ಚಾಗಿ ಟವೆಲ್ಲು ಸುತ್ತಿಕೊಂಡು ಇನ್ನೊಂದು 25 ಗ್ರಾಮ್ ನೀರು ತೆಗೆದರೆ ಸಾಮಾನ್ಯ ಡ್ರೈಯರಿನ ಕೆಲಸವೂ ಅರ್ಧವಾಗುತ್ತದೆ. ಹಳೆಯ ಹತ್ತಿ ಪಂಚೆ ಇನ್ನೂ ಉತ್ತಮ. ತಿಕ್ಕಬಾರದು, ಒತ್ತಬೇಕು ಅಷ್ಟೇ. ನೆನೆದ ಕೂದಲು ಬೇಗ ಹಿಗ್ಗುತ್ತದೆ, ತಿಕ್ಕಿದರೆ ಹೊರಪದರ ಕೀಳುತ್ತದೆ.

ಈಗ ಸಮಯದ ಲೆಕ್ಕ. ಸಾಮಾನ್ಯ ಡ್ರೈಯರಿನಲ್ಲಿ ಹತ್ತು ನಿಮಿಷ, ದುಬಾರಿಯದರಲ್ಲಿ ಆರು ನಿಮಿಷ ಎಂದು ಹಿಡಿಯೋಣ. ವಾರಕ್ಕೆ ಮೂರು ತಲೆಸ್ನಾನ. ವರ್ಷಕ್ಕೆ 156 ಸಲ. ಉಳಿತಾಯ 624 ನಿಮಿಷ, ಅಂದರೆ ಹತ್ತು ಗಂಟೆ ಚಿಲ್ಲರೆ. ಐದು ವರ್ಷ ಬಾಳಿದರೆ 52 ಗಂಟೆ. ಇಪ್ಪತ್ತೊಂಬತ್ತು ಸಾವಿರವನ್ನು ಇದರಿಂದ ಭಾಗಿಸಿದರೆ, ಉಳಿದ ಒಂದೊಂದು ಗಂಟೆಗೂ 550ಕ್ಕೆ ಮಿಕ್ಕಿ ಬೆಲೆ ಬೀಳುತ್ತದೆ. ಟ್ಯೂಷನ್ ಹೇಳಿ ಗಂಟೆಗೆ ಅಷ್ಟು ಸಂಪಾದಿಸುವ ವಿದ್ಯಾರ್ಥಿ ಇದ್ದರೆ ಅವಳು ಕೊಳ್ಳಲಿ. ವಿದ್ಯುತ್ತಿನಲ್ಲಿ ಉಳಿತಾಯವಾಗುತ್ತದೆ ಎಂಬ ವಾದವಂತೂ ನಿಲ್ಲುವುದಿಲ್ಲ. 1200 ವ್ಯಾಟು ಹತ್ತು ನಿಮಿಷಕ್ಕೆ 0.2 ಯೂನಿಟ್ಟು. 1600 ವ್ಯಾಟು ಆರು ನಿಮಿಷಕ್ಕೆ 0.16 ಯೂನಿಟ್ಟು. ವರ್ಷವಿಡೀ ಕೂಡಿದರೆ ವ್ಯತ್ಯಾಸ ಆರು ಯೂನಿಟ್ಟು ಮಾತ್ರ.

ಮಗಳ ಮುಖ್ಯ ವಾದ ಇದ್ಯಾವುದೂ ಅಲ್ಲ. ಅಗ್ಗದ ಡ್ರೈಯರು ಕೂದಲು ಸುಡುತ್ತದೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಕೂದಲಿನ ಒಳಗಿನ ನೀರು ಹಠಾತ್ತನೆ ಆವಿಯಾದರೆ ಎಳೆಯೊಳಗೆ ಗುಳ್ಳೆಗಳೇಳುತ್ತವೆ, ಕೂದಲು ಅಲ್ಲೇ ತುಂಡಾಗುತ್ತದೆ. ಚರ್ಮವೈದ್ಯರು ಇದಕ್ಕೆ ಗುಳ್ಳೆಗೂದಲು ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. 1994ರಲ್ಲಿ ಅಮೆರಿಕದ ಚರ್ಮವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಒಂದು ಪ್ರಕರಣಕ್ಕೆ ಕಾರಣ ಮಿತಿಮೀರಿ ಕಾಯುತ್ತಿದ್ದ ಡ್ರೈಯರು. 175 ಡಿಗ್ರಿ ಮುಟ್ಟುವ ಡ್ರೈಯರು ಇಂಥ ಹಾನಿ ಮಾಡಬಲ್ಲದು ಎಂದು ಪ್ರಯೋಗ ಮಾಡಿ ತೋರಿಸಿದರು.

ಇದಕ್ಕಿಂತ ಉಪಯೋಗದ್ದು 2011ರಲ್ಲಿ ಕೊರಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಅವರು ಕೂದಲಿನ ಗೊಂಚಲುಗಳನ್ನು ತೊಳೆದು, ಒಣಗಿಸಿ, ಹೀಗೆ ಮೂವತ್ತು ಬಾರಿ ಮಾಡಿದರು. ಡ್ರೈಯರನ್ನು 15 ಸೆಂಟಿಮೀಟರು ದೂರ ಹಿಡಿದರೆ ಗಾಳಿಯ ಬಿಸಿ 47 ಡಿಗ್ರಿ. ಹತ್ತು ಸೆಂಟಿಮೀಟರಿಗೆ ತಂದರೆ 61. ಐದಕ್ಕೆ ತಂದರೆ 95! ಯಂತ್ರ ಅದೇ, ಬದಲಾದದ್ದು ಕೈ ಮಾತ್ರ. ಬಿಸಿ ಹೆಚ್ಚಿದಂತೆ ಕೂದಲಿನ ಮೇಲ್ಮೈಯ ಹಾನಿಯೂ ಹೆಚ್ಚಿತು. ಅಪ್ಪಂದಿರು ಗಮನಿಸಬೇಕಾದ ಇನ್ನೊಂದು ಅಂಶವೂ ಅದರಲ್ಲಿದೆ. ಡ್ರೈಯರು ಮುಟ್ಟಿಸದೆ ತನ್ನಷ್ಟಕ್ಕೆ ಒಣಗಲು ಬಿಟ್ಟ ಕೂದಲಿನಲ್ಲಿ ಮೇಲ್ಮೈ ಚೆನ್ನಾಗಿಯೇ ಇತ್ತು. ಆದರೆ ಒಳಗಿನ ಪದರಗಳನ್ನು ಅಂಟಿಸಿಡುವ ಭಾಗಕ್ಕೆ ಹಾನಿಯಾಗಿತ್ತು. ಬಹಳ ಹೊತ್ತು ನೆನೆದೇ ಇದ್ದುದು ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ. 15 ಸೆಂಟಿಮೀಟರು ದೂರದಿಂದ, ನಿಲ್ಲಿಸದೆ ಆಡಿಸುತ್ತ ಒಣಗಿಸುವುದೇ ಮೇಲು ಎಂಬ ತೀರ್ಮಾನಕ್ಕೆ ಅವರು ಬಂದರು. ಪ್ರಯೋಗಾಲಯದ ಗೊಂಚಲು ಕೂದಲಿನ ಮಾತಿದು, ನಿಜ. ಆದರೂ ದಾರಿ ತೋರಿಸುತ್ತದೆ.

ಹದಿನೈದು ಸೆಂಟಿಮೀಟರೆಂದರೆ ಒಂದು ಗೇಣಿಗಿಂತ ತುಸು ಕಡಿಮೆ. ದುಬಾರಿ ಯಂತ್ರದೊಳಗಿನ ಬಿಸಿ ಅಳೆಯುವ ಸಾಧನ ಮಾಡುವ ಕೆಲಸದ ದೊಡ್ಡ ಪಾಲನ್ನು ಈ ಒಂದು ಗೇಣು ಮಾಡುತ್ತದೆ. ಜೊತೆಗೆ ಬಹುತೇಕ ಎಲ್ಲ ಡ್ರೈಯರುಗಳಲ್ಲೂ ಇರುವ, ಯಾರೂ ಒತ್ತದ ತಣ್ಣನೆ ಗಾಳಿಯ ಗುಂಡಿ. ಕೂದಲಿನ ಆಕಾರ ನಿಲ್ಲುವುದು ಬಿಸಿಯಲ್ಲಲ್ಲ, ಅದು ಆರುವಾಗ. ಕೊನೆಯ ಅರ್ಧ ನಿಮಿಷ ತಣ್ಣನೆ ಗಾಳಿ ಹಾಯಿಸಿದರೆ ಸಲೂನಿನಲ್ಲಿ ಮಾಡುವ ಒಂದು ಮುಖ್ಯ ಕೆಲಸ ಮನೆಯಲ್ಲೇ ಆದಂತೆ.

ಇನ್ನು ‘ಸಲೂನ್ ಗುಣಮಟ್ಟ’ ಎಂಬ ಮಾತು. ಸಲೂನಿನವರು ದಪ್ಪ, ಭಾರದ ಎಸಿ ಮೋಟರಿನ ಡ್ರೈಯರು ಇಟ್ಟುಕೊಳ್ಳುವುದು ಅದು ಕೂದಲಿಗೆ ಒಳ್ಳೆಯದೆಂದಲ್ಲ. ಬೆಳಗಿನಿಂದ ಸಂಜೆವರೆಗೆ ಓಡಿಸಿದರೂ ಸುಟ್ಟುಹೋಗುವುದಿಲ್ಲ ಎಂದು. ಮನೆಬಳಕೆಯ ಅಗ್ಗದ ಡ್ರೈಯರಿನ ಪುಟ್ಟ ಡಿಸಿ ಮೋಟರು ಹಾಗೆ ದುಡಿಯಲಾರದು. ಸರಿ, ಮಗಳು ದುಡಿಸುವುದು ಎಷ್ಟು? ವರ್ಷಕ್ಕೆ 156 ಸಲ, ಹತ್ತತ್ತು ನಿಮಿಷ. ಒಟ್ಟು 26 ಗಂಟೆ. ದಿನಕ್ಕೆ ಐದು ಗಂಟೆ ಡ್ರೈಯರು ಓಡುವ ಸಲೂನಿನಲ್ಲಿ ಇದು ಐದಾರು ದಿನದ ಕೆಲಸ. ಮನೆಗೆ ಲಾರಿಯ ಎಂಜಿನ್ನು ಕೊಂಡು ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿಬಂದಂತೆ.

ಪೆಟ್ಟಿಗೆಯ ಮೇಲಿನ ಉಳಿದ ಪದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಯಾನಿಕ್’ ಎಂದರೆ ಗಾಳಿಗೆ ಋಣ ವಿದ್ಯುತ್ ಕಣ ಸೇರಿಸುವ ಒಂದು ಸೂಜಿ. ಕೂದಲು ಚಟಪಟ ಎದ್ದು ನಿಲ್ಲುವುದನ್ನು ಅದು ಸ್ವಲ್ಪ ತಗ್ಗಿಸಬಹುದು. ನೀರಿನ ಹನಿಯನ್ನೇ ಒಡೆದು ಚೂರು ಮಾಡುತ್ತದೆ ಎಂಬುದನ್ನು ನಂಬಲು ಅವಸರ ಬೇಡ. ಟೂರ್ಮಲಿನ್, ಸೆರಾಮಿಕ್ ಎಂಬವು ಕೆಲವು ಡ್ರೈಯರುಗಳಲ್ಲಿ ಮೇಲಿನ ತೆಳು ಲೇಪವಷ್ಟೇ.

ಯಾವ ಜಾಹೀರಾತೂ ಹೇಳದ, ಹಾಸ್ಟೆಲ್ಲಿಗೆ ಹೋಗುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಗೋಡೆಯಲ್ಲಿದೆ. ಅದು ಪ್ಲಗ್ಗಿನ ತೂತು.

ನಮ್ಮ ಮನೆಗಳಲ್ಲಿ ಎರಡು ಬಗೆಯ ಸಾಕೆಟ್ಟು ಇರುತ್ತವೆ. ದೀಪ, ಫ್ಯಾನಿನ ಪಕ್ಕದಲ್ಲಿರುವ ಚಿಕ್ಕದು 6 ಆಂಪಿಯರಿನದು. ಗೀಸರು, ಫ್ರಿಜ್ಜಿಗೆ ಹಾಕಿಸುವ ದೊಡ್ಡದು 16 ಆಂಪಿಯರಿನದು. 230 ವೋಲ್ಟಿನಲ್ಲಿ 6 ಆಂಪಿಯರು ಎಂದರೆ 1380 ವ್ಯಾಟು. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಇಷ್ಟು ಗುಣಾಕಾರ ಕಷ್ಟವಲ್ಲ. ಹಾಗಾದರೆ 1200 ವ್ಯಾಟಿನ ಡ್ರೈಯರು ಎಳೆಯುವುದು 5.2 ಆಂಪಿಯರು, ಚಿಕ್ಕ ಸಾಕೆಟ್ಟಿಗೆ ಹೊಂದುತ್ತದೆ. 1600 ವ್ಯಾಟಿನದು ಏಳು ಆಂಪಿಯರು, ಹೊಂದುವುದಿಲ್ಲ. ಸಲೂನಿನ 2000, 2200 ವ್ಯಾಟಿನವು ಒಂಬತ್ತರ ಆಚೀಚೆ, ಮಾತೇ ಬೇಡ. ಹಾಸ್ಟೆಲ್ಲಿನ, ಪೇಯಿಂಗ್ ಗೆಸ್ಟ್ ಮನೆಗಳ ಕೋಣೆಗಳಲ್ಲಿ ಬಹುಪಾಲು ಇರುವುದು ಚಿಕ್ಕ ಸಾಕೆಟ್ಟೇ. ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲಿ ಮೂವರ ಫೋನ್ ಚಾರ್ಜರು, ಒಂದು ಲ್ಯಾಪ್‌ಟಾಪು, ಮತ್ತೆ ಈ ಡ್ರೈಯರು. ಮೊದಲ ದಿನ ಏನೂ ಆಗುವುದಿಲ್ಲ. ಅದೇ ಅಪಾಯ. ತಂತಿ ಬೆಚ್ಚಗಾಗುತ್ತದೆ, ಸಾಕೆಟ್ಟಿನೊಳಗಿನ ಹಿತ್ತಾಳೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಇನ್ನಷ್ಟು ಕಾಯುತ್ತದೆ. ಪ್ಲಗ್ಗಿನ ಸುತ್ತ ಕಂದುಬಣ್ಣ ಕಂಡರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಮೂವತ್ತು ಸಾವಿರ ಕೊಟ್ಟು ತಂದ ಯಂತ್ರವನ್ನು ಹಾಕಲು ಸರಿಯಾದ ತೂತೇ ಇಲ್ಲವೆಂದಾಗ ಯಾರೂ ಅದನ್ನು ಪೆಟ್ಟಿಗೆಯಲ್ಲಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಡಾಪ್ಟರು ಸಿಕ್ಕಿಸಿ ಹೇಗೋ ನಡೆಸುತ್ತಾರೆ. ಪಿನ್ನು ಹೊಂದಿಸುವ ಅಡಾಪ್ಟರು ತಂತಿಯನ್ನು ದಪ್ಪ ಮಾಡುವುದಿಲ್ಲವಲ್ಲ! ಇಸ್ತ್ರಿಪೆಟ್ಟಿಗೆ, ಕಾಯಿಲ್ಲು ನಿಷೇಧಿಸುವ ಹಾಸ್ಟೆಲ್ಲುಗಳ ಪಟ್ಟಿಯಲ್ಲಿ ಡ್ರೈಯರೂ ಇರಬಹುದು. ಕೊಳ್ಳುವ ಮೊದಲೇ ವಾರ್ಡನ್ನರನ್ನು ಕೇಳಿಕೊಳ್ಳುವುದು ಕ್ಷೇಮ.

ಅಮೆರಿಕದಲ್ಲಿರುವ ಚಿಕ್ಕಪ್ಪ ರಜೆಗೆ ಬರುವಾಗ ಅಲ್ಲಿಂದಲೇ ತರಲಿ, ಅಲ್ಲಿ ಅಗ್ಗ ಎನ್ನುವವರಿದ್ದಾರೆ. ಅಲ್ಲಿಯ ಮನೆಗಳ ವಿದ್ಯುತ್ತು 120 ವೋಲ್ಟಿನದು. ಆ ವೋಲ್ಟಿಗೆಂದೇ ಮಾಡಿದ ಸಾದಾ ಡ್ರೈಯರನ್ನು ಇಲ್ಲಿಯ 230 ವೋಲ್ಟಿಗೆ ಹಾಕಿದರೆ ಸುರುಳಿ ಸುಮಾರು ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಕಾರಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ದುಬಾರಿಯದು ಕೂಡ ಒಂದೊಂದು ದೇಶದ ವೋಲ್ಟಿಗೆ ಪ್ರತ್ಯೇಕವಾಗಿ ಮಾಡಿದ್ದು. ಪಿನ್ನು ಬದಲಿಸಿದರೆ ಪ್ರಯೋಜನವಿಲ್ಲ. ಎರಡೂ ವೋಲ್ಟಿಗೆ ಹೊಂದುವ ಪ್ರವಾಸಿ ಡ್ರೈಯರುಗಳಿವೆ, ಅವುಗಳ ಮೇಲೆ ಹಾಗೆಂದು ಬರೆದಿರುತ್ತದೆ.

ಆದರೆ ಅಮೆರಿಕದಿಂದ ಕಲಿಯಬೇಕಾದ್ದು ಒಂದಿದೆ. ಅಲ್ಲಿ ಸ್ನಾನದ ತೊಟ್ಟಿಗೆ, ಸಿಂಕಿಗೆ ಡ್ರೈಯರು ಬಿದ್ದು ಜನ ಸಾಯುತ್ತಿದ್ದರು. ಸ್ವಿಚ್ಚು ಆರಿಸಿದ್ದರೂ ಪ್ಲಗ್ಗು ಗೋಡೆಯಲ್ಲಿದ್ದರೆ ಸಾಕು, ನೀರಿಗೆ ವಿದ್ಯುತ್ತು ಹರಿಯುತ್ತದೆ. 1991ರಿಂದ ಅಲ್ಲಿಯ ಡ್ರೈಯರುಗಳ ಪ್ಲಗ್ಗಿನಲ್ಲೇ, ನೀರಿಗೆ ಬಿದ್ದ ಕೂಡಲೇ ವಿದ್ಯುತ್ ಕಡಿಯುವ ಸಾಧನ ಇರಬೇಕೆಂದಾಯಿತು. 2011ರಲ್ಲಿ, ಅದಿಲ್ಲದ ಡ್ರೈಯರನ್ನು ಅಪಾಯಕಾರಿ ವಸ್ತುವೆಂದೇ ಸರ್ಕಾರ ಘೋಷಿಸಿತು. ನಮ್ಮಲ್ಲಿ ಮಾರುವ ಬಹಳಷ್ಟು ಡ್ರೈಯರುಗಳಿಗೆ ಅಂಥ ಪ್ಲಗ್ಗಿಲ್ಲ. ಇರುವುದು ಎರಡು ಪಿನ್ನಿನ ಸಾದಾ ಪ್ಲಗ್ಗು. ಹಾಗಾಗಿ ರಕ್ಷಣೆ ಬರಬೇಕಾದ್ದು ಕಟ್ಟಡದ ಮೀಟರು ಫಲಕದಲ್ಲಿ ಕೂರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯಿಂದ. ಮನೆಯಲ್ಲಿ ಅದಿಲ್ಲದಿದ್ದರೆ, ದುಬಾರಿ ಡ್ರೈಯರಿಗೆ ಎತ್ತಿಟ್ಟ ಹಣದ ಒಂದು ಸಣ್ಣ ಪಾಲು ಅದಕ್ಕೆ ಸಾಕು. ಅದು ಮನೆಮಂದಿಯನ್ನೆಲ್ಲ ಕಾಯುತ್ತದೆ. ಹಾಸ್ಟೆಲ್ಲಿನಲ್ಲಿ ಅದಿದೆಯೇ ಎಂದು ಸೇರುವ ದಿನ ಅಪ್ಪ ಒಮ್ಮೆ ವಿಚಾರಿಸಿದರೆ ತಪ್ಪೇನೂ ಇಲ್ಲ. ಬಚ್ಚಲೊಳಗೆ ಮಾತ್ರ ಡ್ರೈಯರು ಬೇಡವೇ ಬೇಡ.

ಹಾಗಾದರೆ ದುಬಾರಿ ಡ್ರೈಯರು ಯಾರಿಗೂ ಬೇಡವೇ? ಹಾಗೇನಿಲ್ಲ. ಐಟಿಐಗಳಲ್ಲಿ ಸೌಂದರ್ಯ ಪ್ರಸಾಧನ ಕಲಿಯುವ ವಿದ್ಯಾರ್ಥಿನಿಗೆ ಅದು ಬಡಗಿಗೆ ಉಳಿ ಇದ್ದಂತೆ. ಅವಳಿಗೂ ಮೂವತ್ತು ಸಾವಿರದ್ದು ಬೇಕಿಲ್ಲ. ಎಸಿ ಮೋಟರಿನ ಐದು ಸಾವಿರದ್ದು ಸಾಕು. ದಪ್ಪ, ಗುಂಗುರು ಕೂದಲು, ಭುಜನೋವಿನಿಂದ ಹೆಚ್ಚು ಹೊತ್ತು ಕೈ ಎತ್ತಿ ಹಿಡಿಯಲಾಗದ ಅಮ್ಮ ಇರುವ ಮನೆಯಲ್ಲಿ ಹಗುರವಾದ, ಬೇಗ ಒಣಗಿಸುವ ಯಂತ್ರದ ಬೆಲೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆಯುವುದೂ ಸರಿಯಲ್ಲ. ಮನೆಯಲ್ಲಿ 16 ಆಂಪಿಯರಿನ ಸಾಕೆಟ್ಟಿದ್ದು, ಹಣವೂ ಇದ್ದರೆ ತಂದುಕೊಳ್ಳಲಿ.

ಹಾಸ್ಟೆಲ್ಲಿಗೆ ಹೊರಟವಳಿಗೆ ಮಾತ್ರ ಸಾವಿರ, ಸಾವಿರದ ಐನೂರರ 1000 ಅಥವಾ 1200 ವ್ಯಾಟಿನದು ಸಾಕು. ಅಂಗಡಿಯಲ್ಲಿ ಪೆಟ್ಟಿಗೆಯ ಮುಂದಿನ ಚಿತ್ರ ನೋಡದೆ ಹಿಂದಿನ ಸಣ್ಣ ಅಕ್ಷರ ಓದಬೇಕು: ವ್ಯಾಟು ಎಷ್ಟು, ಐಎಸ್ಐ ಗುರುತಿದೆಯೇ, ಚೌಕದೊಳಗೆ ಚೌಕದ ಚಿಹ್ನೆ ಇದೆಯೇ. ಆ ಚಿಹ್ನೆ ಇದ್ದರೆ ಒಳಗೆ ಎರಡು ಪದರದ ವಿದ್ಯುತ್ ನಿರೋಧಕವಿದೆ ಎಂದರ್ಥ. ಮಿತಿಮೀರಿ ಕಾದರೆ ತಾನೇ ನಿಲ್ಲುತ್ತದೆಯೇ ಎಂದೂ ಕೇಳಬೇಕು. ತಣ್ಣನೆ ಗಾಳಿಯ ಗುಂಡಿ ಇರಲಿ. ಹಿಂದಿನ ಜಾಲರಿ ಬಿಚ್ಚಿ ತೆಗೆಯುವಂತಿದ್ದರೆ ಇನ್ನೂ ಒಳ್ಳೆಯದು. ಕೂದಲು, ಧೂಳು ಕಟ್ಟಿಕೊಂಡು ಗಾಳಿ ಒಳಹೋಗದಿದ್ದರೆ ಎಷ್ಟು ಬೆಲೆಯದಾದರೂ ಕಾದು ಕೆಡುತ್ತದೆ. ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಜಾಲರಿಯನ್ನು ಉಜ್ಜಬೇಕು. ಅಮ್ಮನ ಪಟ್ಟಿಯಲ್ಲಿ ಡ್ರೈಯರಿನ ಕೆಳಗೆ ಆ ಹಳೆಯ ಬ್ರಷ್ಷನ್ನೂ ಒಂದು ದೊಡ್ಡ ಹತ್ತಿ ಟವೆಲ್ಲನ್ನೂ ಬರೆದುಕೊಂಡರೆ ಸಾಮಾನು ಪೂರ್ತಿಯಾಯಿತು.